ಪುಣೆ ಕಂಡ ರೊಟ್ಟಿ, ಕಾಣದ ಗುರುಬಾಯಿ

ಮೂಡಣ ಇನ್ನೂ ಕೆಂಪೇರಿಲ್ಲ. ಆಳಂದ ತಾಲ್ಲೂಕಿನ ಗಡಿ ಊರು ಖಜೂರಿಯಲ್ಲಿ ಗುರುಬಾಯಿಯವರ ಅಂಗಳದಿಂದ ರೊಟ್ಟಿ ಬಡಿಯುವ ಸಪ್ಪಳ ಆಗಲೇ ಓಣಿಯ ತುದಿಗೆ ಕೇಳಿಸುತ್ತಿದೆ. ಬಡಿದದ್ದು ಹಂಚಿಗೆ, ಹಂಚಿನಿಂದ ಒಲೆಯ ಮಗ್ಗುಲಿಗೆ. ಅಲ್ಲಿ ಕೆಂಡದ ಕಾವಿಗೆ ಒರಗಿ ನಿಂತು ಖಡಕ್ಕಾದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಪುಣೆಗೆ ಹೋಗುವ ಲಾರಿಯ ಡ್ರೈವರ್ ಜಾವೀದ ಬರುವುದರೊಳಗೆ ನೂರು ರೊಟ್ಟಿ ಆಗಬೇಕು.

"ನನ್ನ ರೊಟ್ಟಿ ಪುಣಾ ನೋಡ್ಯಾವ್ರಿ. ನಾ ನೋಡಿಲ್ಲ," ಎನ್ನುತ್ತಾರೆ ಗುರುಬಾಯಿ, ಹಿಟ್ಟಿನ ಮುದ್ದೆಗೆ ಒಂದು ಗುದ್ದು ಹೆಚ್ಚಿಗೆಯೇ ಕೊಟ್ಟು.

ಮೊದಲೆಲ್ಲ ದುಡಿಯಲು ಗಂಡಸರಷ್ಟೇ ಪುಣೆಗೆ ಹೋಗಿ ಬರುತ್ತಿದ್ದರು. ಈಗ ಸಂಸಾರಗಳೇ ಹೋಗುತ್ತವೆ, ಪಂಚಮಿಗೆ ನೆಂಟರಂತೆ ಬಂದು ಹೋಗುತ್ತವೆ. ಈ ಓಣಿಯಲ್ಲಿ ಹೊತ್ತಿದ ಒಲೆಗಿಂತ ಬಾಗಿಲಿಗೆ ಬಿದ್ದ ಕೀಲಿಗಳೇ ಹೆಚ್ಚು. "ಊರು ಸಣ್ಣದಾಗಿಲ್ರಿ, ಬೆಳದದ. ಆದ್ರ ಪುಣಾದಾಗ ಬೆಳದದ. ಅಲ್ಲಿ ನಮ್ಮವ್ರದೇ ಒಂದು ಗಲ್ಲಿ ಅದಂತ."

ಹಾಗೆ ಹೋದವರಲ್ಲಿ ಅವರ ನೆಗೆಣ್ಣಿ, ಮೈದುನನ ಹೆಂಡತಿ ವಿಜಯಶ್ರೀಯೂ ಒಬ್ಬರು. ಹೊಲ, ಎಮ್ಮೆ ನೋಡಿಕೊಳ್ಳಲು ಒಂದು ಸಂಸಾರ ಇಲ್ಲಿರಲೇಬೇಕಿತ್ತು. ಹಿರಿಸೊಸೆ ಉಳಿದರು, ಕಿರಿಸೊಸೆ ಬಸ್ ಹತ್ತಿದರು. ಈಗ ಅಲ್ಲಿ ಕಟ್ಟಡ ಕೆಲಸದವರಿಗೆ ಊಟ ಹಾಕುತ್ತಾರೆ. ಪಲ್ಯ ಅವರದು, ರೊಟ್ಟಿ ಇಲ್ಲಿಯದು.

"ಹೊಟ್ಟಿಕಿಚ್ಚು ಇಲ್ಲ ಅಂದ್ರ ಸುಳ್ಳ ಆಗ್ತದ. ಪಂಚಮಿಗೆ ಬಂದಾಗ ಇಲ್ಲಿ ಸೊಳ್ಳಿ ಭಾಳ ಅಂತಾಳ್ರಿ! ಇಷ್ಟ ವರ್ಷ ಈ ಸೊಳ್ಳಿ ಆಕಿನ್ನ ಬಿಟ್ಟು ನನಗೊಬ್ಬಾಕಿಗೇ ಕಡೀತಿದ್ವೇನು?"

ಒಲೆಗೆ ತುಪ್ಪ ಸುರಿದದ್ದು ಜಾವೀದ. ಹೋದ ತಿಂಗಳು ಚಹಾ ಕುಡಿಯುತ್ತ, "ಗುರುಬಾಯಕ್ಕಾ, ಪುಣಾದಾಗ ನಿಮ್ಮ ನೆಗೆಣ್ಣಿದೇ ಹೆಸರು. ಆಕಿಯಂಗ ಖಡಕ್ ರೊಟ್ಟಿ ಯಾರೂ ಬಡಿಯಂಗಿಲ್ಲ ಅಂತಾರ," ಎಂದುಬಿಟ್ಟ.

ಬಡಿದ ಕೈ ಇಲ್ಲಿ, ಹೆಸರು ಅಲ್ಲಿ! ಗುರುಬಾಯಿಯವರ ಮೈಯೆಲ್ಲ ಉರಿದುಹೋಯಿತು. "ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರಿ ಅಂದಂಗ ಆತು!" ಆವತ್ತು ರೊಟ್ಟಿಯ ಬುಟ್ಟಿ ಮನೆಯಲ್ಲೇ ಉಳಿಯಿತು. ಲಾರಿ ಹತ್ತಿದ್ದು ಜೋಳದ ಹಿಟ್ಟಿನ ಚೀಲ. "ಆಕಿ ಕೈಯಾಗ ಅಷ್ಟು ರುಚಿ ಇದ್ರ ಆಕಿನೇ ಬಡೀಲಿ ಅಂತ ಹೇಳಿ ಕಳಿಸಿದೆ."

ವಾರದೊಳಗೆ ಫೋನ್ ಬಂತು. ಪುಣೆಯ ಬಾಡಿಗೆ ಖೋಲಿಯಲ್ಲಿ ಕಟ್ಟಿಗೆ ಒಲೆ ಹೂಡಲು ಮಾಲೀಕ ಬಿಡುವುದಿಲ್ಲ. ಗ್ಯಾಸಿನ ಮೇಲೆ ಬೇಯಿಸಿ ಒಂದರ ಮೇಲೊಂದು ಒಟ್ಟಿದ ರೊಟ್ಟಿ ಮೆತ್ತಗಾಗಿ, ಮೂರನೆಯ ದಿನಕ್ಕೆ ಬೂಷ್ಟು ಹಿಡಿದಿತ್ತು. ಉಣ್ಣುವವರು ಮುಖ ತಿರುವಿದ್ದರು.

"ತಪ್ಪಾತು ಅಕ್ಕಾ," ಎಂದು ವಿಜಯಶ್ರೀ ಅತ್ತರಂತೆ. "ನಿಮಗರ ಒಲಿ ಅದ, ಅಂಗಳ ಅದ. ಇಲ್ಲಿ ನಾಲ್ಕು ರೊಟ್ಟಿ ಆನಿಸಿ ಇಡಾಕ ಗ್ವಾಡಿ ಸೈತ ನಮ್ಮದಲ್ಲ. ನಿಮ್ಮನ್ನ ನೆನಸಿದ್ರ ನನಗ ಹೊಟ್ಟಿ ಉರೀತದ."

ತಮ್ಮನ್ನು ನೋಡಿಯೂ ಒಬ್ಬರು ಹೊಟ್ಟೆ ಉರಿದುಕೊಳ್ಳಬಹುದೆಂದು ಗುರುಬಾಯಿಯವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. "ಖರೇ ಹೇಳ್ತೇನಿ, ಆವತ್ತ ನನಗ ಚಲೋ ನಿದ್ದಿ ಬಂತು," ಎಂದು ಸೆರಗು ಬಾಯಿಗಿಟ್ಟು ನಗುತ್ತಾರೆ. ಮರುದಿನವೇ ಮತ್ತೆ ಒಲೆ ಹೊತ್ತಿಸಿದರು. ಉಣ್ಣುವವರೂ ಊರಿನವರೇ ಅಲ್ಲವೆ?

ಹಾರ್ನ್ ಕೇಳಿಸುತ್ತದೆ. ಬುಟ್ಟಿಗೆ ಬಟ್ಟೆ ಬಿಗಿದು ಜಾವೀದನ ಕೈಗಿಡುತ್ತಾರೆ. "ಖಜೂರಿ ಗುರುಬಾಯಿ ರೊಟ್ಟಿ ಅಂತ ಒದರಿ ಇಳಸು, ತಮ್ಮಾ."

ಆಸೆ ಏನಾದರೂ ಉಂಟೆ ಎಂದರೆ ಹಿಟ್ಟಿನ ಕೈ ಝಾಡಿಸುತ್ತಾರೆ.

"ಒಂದ್ಸಲ ಪುಣಾಕ್ಕ ಹೋಗಬೇಕ್ರಿ. ಊರು ನೋಡಾಕಲ್ಲ. ಆಕಿ ಪಂಕ್ತಿಯೊಳಗ ಕುಂತು ನನ್ನ ರೊಟ್ಟಿನೇ ಉಣಬೇಕು. ಉಂಡು, ಎಲ್ಲಾರ ಮುಂದ ಕೇಳಬೇಕು: ರೊಟ್ಟಿ ಭಾರಿ ಆಗ್ಯಾವ ಬೇ ವಿಜಯಶ್ರೀ, ಯಾರು ಬಡದಾರ?"