ಕಪಾಟಿನೊಳಗಿನ ಹೂವು

ಅಣ್ಣನ ಬಲಗೈ ಹೆಬ್ಬೆರಳಿನ ಉಗುರಿನಡಿ ಯಾವಾಗಲೂ ಒಂದು ಗೀಟು ಕಪ್ಪು ಮಣ್ಣಿರುತ್ತಿತ್ತು. ಮೆಸಯೀದಿನ ಕಾರ್ಖಾನೆಯಲ್ಲಿ ಪಂಪು ರಿಪೇರಿ ಮಾಡುವವರ ಉಗುರಿನಲ್ಲಿ ಗ್ರೀಸ್ ಇರಬೇಕು, ಮಣ್ಣು ಎಲ್ಲಿಂದ ಬಂತು? ಕತಾರಿನಲ್ಲಿ ಮರಳು ಬೇಕಾದಷ್ಟಿದೆ. ಅಷ್ಟು ಕಪ್ಪಾದ, ಒದ್ದೆಯಾದ ಮಣ್ಣನ್ನು ನಾನು ಅಲ್ಲಿ ಬೇರೆಲ್ಲೂ ಕಂಡಿರಲಿಲ್ಲ. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ ಎಂದು ನೆನಪು. ಈ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಅಲ್ ವುಕೈರ್‌ನ ಫ್ಲಾಟಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವರು ರಾಯಚೂರಿನ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಮೈಸೂರಿನವನು. ಕೆಮಿಸ್ಟ್ರಿ ಓದಿ ಲ್ಯಾಬ್ ಕೆಲಸಕ್ಕೆ ಹೊಸದಾಗಿ ಬಂದಿದ್ದೆ. ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ‘ಎಮ್ಮೆಸ್ಸಿ’ ಎನ್ನುತ್ತಿದ್ದರು.

ಅವರ ಮಂಚದ ಕೆಳಗೆ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರೆಹುಳುಗಳಿದ್ದವು. ಊರಾಚೆಯ ತೋಟವೊಂದರ ಕೆಲಸಗಾರ ಕೊಟ್ಟ ಒಂದು ಹಿಡಿ ಹುಳು ಸಾವಿರವಾಗಿತ್ತಂತೆ. ನಾವು ಕುಡಿದ ಚಹಾದ ಚರಟ, ಬಾಳೆಹಣ್ಣಿನ ಸಿಪ್ಪೆ, ಪುಡಿ ಮಾಡಿದ ಮೊಟ್ಟೆಯ ಓಡು, ಹರಿದ ಪೇಪರ್ ಎಲ್ಲ ಅದಕ್ಕೇ ಹೋಗುತ್ತಿತ್ತು. ನಿಂಬೆ ಸಿಪ್ಪೆ ಹಾಕಿದರೆ ಬೈಗುಳ. ಬೇಸಿಗೆಯಲ್ಲಿ ನಾನು ಎಸಿ ಆರಿಸಲು ಹೋದರೆ, “ಏ, ಬ್ಯಾಡ. ನನಗಲ್ಲ, ಹುಳಕ್ಕ” ಎನ್ನುವರು. ಗೊಬ್ಬರ ತೆಗೆಯುವ ದಿನ ಮೊಣಕಾಲೂರಿ ಕುಳಿತು, ಒಂದೊಂದೇ ಹುಳುವನ್ನು ಬೆರಳಿನಿಂದ ಬಿಡಿಸಿ ಟಬ್ಬಿಗೇ ಮರಳಿಸುತ್ತಿದ್ದರು. ಆಮೇಲೆ ಬೆರಳನ್ನು ಮೂಸಿ ನೋಡುವರು.

ಗೊಬ್ಬರ ಹೋಗುತ್ತಿದ್ದದ್ದು ಅವರ ಕಪಾಟಿಗೆ. ಅದರ ಬಾಗಿಲ ಸಂದಿಯಿಂದ ನೇರಳೆ ಬೆಳಕು ಸೋರುತ್ತಿತ್ತು, ಒಳಗೊಂದು ಪುಟ್ಟ ಫ್ಯಾನು ಗುಂಯ್‌ಗುಡುತ್ತಿತ್ತು. ಬಾಗಿಲಿಗೆ ಬೀಗ.

“ಏನಣ್ಣ ಒಳಗೆ?”

“ಬೆಳೀಲಿ ತಡಿ, ಎಮ್ಮೆಸ್ಸಿ. ಒಂದ್ಸಲ ತಿಂದಿ ಅಂದ್ರ ಊರು ಕಣ್ಮುಂದ ಬರ್ತದ.”

ನನಗೆ ನಗು ಬರಲಿಲ್ಲ. ಒಂದು ದಿನ ಅವರು ನೀರು ಹಾಕುವಾಗ ಹಿಂದಿನಿಂದ ಇಣುಕಿದೆ. ಬಕೆಟ್ಟುಗಳಲ್ಲಿ ಎದೆಮಟ್ಟದ ನಾಲ್ಕು ಗಿಡಗಳು. ಬಿಡಿಸಿದ ಅಂಗೈಯಂಥ, ಅಂಚಿನಲ್ಲಿ ಗರಗಸದ ಹಲ್ಲಿರುವ ಎಲೆ. ಬಚ್ಚಲಿಗೆ ಹೋಗಿ ಫೋನಿನಲ್ಲಿ ಗಾಂಜಾ ಎಲೆಯ ಚಿತ್ರ ಹುಡುಕಿ ನೋಡಿದೆ. ಅದೇ. ಇಲ್ಲಿ ಅಂಥದ್ದು ಸಿಕ್ಕರೆ ಯಾರದು ಎಂದು ವಿಚಾರಿಸುವ ಮೊದಲು ಕೋಣೆಯಲ್ಲಿದ್ದವರನ್ನೆಲ್ಲ ಒಯ್ಯುತ್ತಾರೆ ಎಂದು ಕೇಳಿದ್ದೆ. ಬಾಡಿಗೆ ಕರಾರಿನಲ್ಲಿ ನನ್ನ ಹೆಸರೂ ಇತ್ತು. ಅವರನ್ನು ನೇರವಾಗಿ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಆ ಶುಕ್ರವಾರ ಅವರಿಗೆ ಡ್ಯೂಟಿ, ನನಗೆ ರಜೆ. ಕಪಾಟಿನ ಬೀಗದ ಕೈ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಗಾಂಜಾ ಬೆಳೆಯುವವನು ಬೀಗದ ಕೈಯನ್ನು ಹಾಗೆ ಎಲ್ಲರೆದುರು ತೂಗುಹಾಕುತ್ತಾನೆಯೇ? ಆ ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ. ಮಧ್ಯಾಹ್ನದ ಜುಮಾ ನಮಾಜಿನ ಬಾಂಗ್ ಕೇಳುತ್ತಿದ್ದ ಹೊತ್ತಿಗೆ ಅಡುಗೆ ಕತ್ತರಿ ತೆಗೆದುಕೊಂಡು ನಾಲ್ಕೂ ಗಿಡಗಳನ್ನು ಬುಡಕ್ಕೆ ಕತ್ತರಿಸಿದೆ. ಕಾಂಡದ ಸಣ್ಣ ಮುಳ್ಳುಗಳು ಅಂಗೈಗೆ ತರಚಿದವು. ಕಪ್ಪು ಚೀಲಕ್ಕೆ ತುರುಕಿ, ಎರಡು ಬೀದಿ ದಾಟಿ, ಕಸದ ತೊಟ್ಟಿಗೆ ಹಾಕಿ ಬಂದೆ.

ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದ ಅಣ್ಣ ಖಾಲಿ ಬಕೆಟ್ಟುಗಳ ಮುಂದೆ ನಿಂತರು.

“ಎಲ್ಲಿ ಹ್ವಾದ್ವು?”

“ನಾನೇ ತೆಗೆದೆ. ಸಿಕ್ಕಿಬಿದ್ದರೆ ಇಬ್ಬರೂ ಜೈಲಿಗೆ, ಅಣ್ಣ.”

“ಜೈಲಿಗೆ? ಪುಂಡಿ ಬೆಳದಿದ್ದಕ್ಕ?” ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಗಾಂಜಾ ಅಂದ್ಕೊಂಡೀ ಏನು? ಅಲ್ಲೋ, ಎಮ್ಮೆಸ್ಸಿ ಓದೀದಿ, ಪುಂಡಿಪಲ್ಯಾ ಗೊತ್ತಿಲ್ಲಲೇ ನಿನಗ!”

ರೊಟ್ಟಿಯ ಜೊತೆ ತಿನ್ನುವ ಆ ಹುಳಿ ಸೊಪ್ಪಿನ ಹೆಸರು ಕೇಳಿದ್ದೆ, ಗಿಡ ನೋಡಿರಲಿಲ್ಲ. ಅವರ ನಗು ನಿಂತಿತು. ಮಂಚದ ಮೇಲೆ ಕುಳಿತು, ತೀರಿಹೋದ ಹೆಂಡತಿ ಹಿತ್ತಲಲ್ಲಿ ವರ್ಷವರ್ಷವೂ ಬಿತ್ತುತ್ತಿದ್ದ ಬೀಜ ಅದೆಂದು ಹೇಳಿದರು. ಉಳಿದಿದ್ದೆಲ್ಲವನ್ನೂ ಒಂದು ಚೀಟಿಯಲ್ಲಿ ಕಟ್ಟಿ ತಂದಿದ್ದರು. ಹಳೆಯ ಬೀಜ, ಮೊಳೆತದ್ದು ನಾಲ್ಕೇ. ಇನ್ನೊಂದು ತಿಂಗಳಿದ್ದರೆ ಹೊಸ ಬೀಜ ಆಗುತ್ತಿತ್ತು.

“ಮುಂಜಾನೆ ನಾ ಹೋಗೂ ಮುಂದ ಒಂದು ಹಳದಿ ಹೂ ಅರಳಿತ್ತು. ಮದಲ್ನೇ ಹೂ. ನೀ ನೋಡ್ಲಿಲ್ಲೇನು?”

ಗಾಂಜಾಕ್ಕೆ ಅಂಗೈಯಗಲದ ಹಳದಿ ಹೂ ಬಿಡುವುದಿಲ್ಲ. ಅಷ್ಟು ನನಗೂ ಗೊತ್ತಿತ್ತು.

“ಇಲ್ಲ ಅಣ್ಣ, ಹೂವಿರಲಿಲ್ಲ.”

“ಮುದುಡಿರಬೇಕು ಬಿಡು. ಬಿಸಲೇರಿದ ಮ್ಯಾಲೆ ಮುದುಡ್ತದ.” ಎದ್ದು ಹೋಗಿ ಹುಳುಗಳಿಗೆ ಚಹಾದ ಚರಟ ಹಾಕಿದರು.

ನಾಲ್ಕು ದಿನ ನಾನು ಅವರ ಮುಖ ನೋಡಲಿಲ್ಲ. ಐದನೆಯ ದಿನ ನಾನು ಲ್ಯಾಬಿನಿಂದ ಬಂದಾಗ ಅವರೇ ಮಾತು ತೆಗೆದರು. “ಇವತ್ತು ತಪಾಸಣಿಗೆ ಇಬ್ರು ಬಂದಿದ್ರು, ಎಮ್ಮೆಸ್ಸಿ. ಕಪಾಟು ತಗಸಿ ನೋಡಿದ್ರು. ಗಿಡ ಇದ್ದಿದ್ರ ಅವ್ರೂ ಗಾಂಜಾ ಅಂತಿದ್ರು, ನನ್ನ ಕತಿ ಖಲಾಸ್. ನೀ ತಗದದ್ದೇ ಚಲೋ ಆತು.” ನನ್ನ ಬೆನ್ನ ಮೇಲೊಂದು ಗುದ್ದು.

ಎದೆ ಹಗುರಾಯಿತು. ಆದರೆ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮರುದಿನ ಕೆಳಗಿನ ವಾಚ್‌ಮನ್‌ನನ್ನು ಕೇಳಿದೆ. “ತಪಾಸಣೆಯಾ? ಮಾಫಿ, ಇಲ್ಲವೇ ಇಲ್ಲ ಸಾಬ್. ಈ ತಿಂಗಳು ಯಾರೂ ಬಂದಿಲ್ಲ.” ನಾನು ಹೀಗೆ ಕೇಳಿದ್ದನ್ನು ಅಣ್ಣನಿಗೆ ಹೇಳಲಿಲ್ಲ.

ಎರಡು ವರ್ಷದ ನಂತರ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವಾಗ ಟಬ್ಬು ನನಗೆ ಕೊಟ್ಟರು. “ಅನುಮಾನ ಬಂದ್ರ ಇವನ್ನ ಕೇಳು. ಸುಳ್ಳು ಹೇಳಂಗಿಲ್ಲ.” ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಹಳೆಯ ಸಹೋದ್ಯೋಗಿಯೊಬ್ಬರ ಮೆಸೇಜಿನಲ್ಲಿ ಬಂತು.

ಅಂದಿನಿಂದ ಒಂದೇ ಪ್ರಶ್ನೆ. ಆ ಹೊತ್ತಿಗೆ ಹೂ ಮುದುಡಿತ್ತೇ? ಮುದುಡಿದ್ದರೆ ನಾನು ಮಾಡಿದ್ದು ಬರೀ ತಪ್ಪು. ಅರಳಿದ್ದರೆ, ನೋಡಿಯೂ ಕತ್ತರಿಸಿದೆ. ಕೆಲವು ದಿನ ಕತ್ತರಿಯ ಪಕ್ಕದಲ್ಲಿ ಹಳದಿ ಕಾಣುತ್ತದೆ, ಕೆಲವು ದಿನ ಕಾಣುವುದಿಲ್ಲ. ನೆನಪಿನಿಂದ ಇತ್ಯರ್ಥವಾಗದೆ ಊರಿನಿಂದ ಪುಂಡಿ ಬೀಜ ತರಿಸಿದೆ. ಅಲ್ ಗರಾಫಾದ ಈ ಮನೆಯ ಕಪಾಟಿನಲ್ಲಿ, ಅದೇ ಹುಳುಗಳ ಗೊಬ್ಬರ ಹಾಕಿ, ಅಂಥದೇ ನೇರಳೆ ದೀಪದಡಿ ಬೆಳೆಸಿದೆ.

ಮೊನ್ನೆ ಗುರುವಾರ ಮೊಗ್ಗು ದಪ್ಪಗಾಗಿತ್ತು. ಶುಕ್ರವಾರ ಜುಮಾದ ಬಾಂಗ್ ಕೇಳಿದ ಕೂಡಲೇ ಬಾಗಿಲು ತೆಗೆದೆ. ಕಪಾಟಿನೊಳಗೆ ಬಿಸಿಲೇರುವುದಿಲ್ಲವಲ್ಲ. ಹೂ ಇನ್ನೂ ಪೂರ್ತಿ ಅರಳಿಯೇ ಇತ್ತು. ಹಳದಿ ಎಸಳು, ನಡುವೆ ಕಡುಗೆಂಪು. ಕುರುಡನಲ್ಲದ ಯಾರಿಗೂ ಕಾಣುವಂತಿತ್ತು.

ಬೀಜ ಕಟ್ಟಲೆಂದು ಗಿಡವನ್ನು ಹಾಗೆಯೇ ಬಿಟ್ಟಿದ್ದೇನೆ. ಇದು ಅವರ ಹೆಂಡತಿಯ ಹಿತ್ತಲಿನ ಬೀಜವಲ್ಲ. ಹೂವಿತ್ತು, ಅಣ್ಣ. ಕಪಾಟಿನೊಳಗೆ ಅದು ಮುದುಡದೆಂದು ನಿಮಗೂ ಗೊತ್ತಿತ್ತು. ಅದಕ್ಕೇ ಯಾರೂ ಬಾರದ ತಪಾಸಣೆಯನ್ನು ನನಗಾಗಿ ಕರೆಸಿದಿರಿ.