ಫಿಲ್ಟರ್ ಮುಚ್ಚಿಟ್ಟ ಕೆನ್ನೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ಮೊದಲ ಸಲ ಎಡಗಣ್ಣು ಮುಚ್ಚಿದಳು. ನಾನು ಫೋನಿನ ಪರದೆಯನ್ನೇ ನೋಡುತ್ತಿದ್ದೆ. ಸಮಯ ಅದರ ಮೂಲೆಯಲ್ಲಿತ್ತು.

ಯಲಹಂಕದ ನಮ್ಮ ಮನೆಯ ಹಾಲ್‌ನಲ್ಲಿ ಅಕ್ಕ ಲೈವ್ ಮಾಡಿ ಸೀರೆ ಮಾರುತ್ತಾಳೆ. ದಿನಕ್ಕೆರಡು ಹೊತ್ತು, ಎದುರಿಗೆ ಬಳೆಯಾಕಾರದ ದೀಪ, ಪಕ್ಕದಲ್ಲಿ ಬಿಸಿಲು ಬೀಳುವ ಕಿಟಕಿ. ಫೋನು ಹಿಡಿಯುವವಳು ನಾನು. ನಲವತ್ತು ದಾಟಿದ ಅಕ್ಕನ ಕೆನ್ನೆಗೆ ಕಪ್ಪು ಕಲೆಯ ಬಂಗು ಹರಡಿ, ಕಣ್ಣಂಚಿನಲ್ಲಿ ಗೆರೆ ಮೂಡಿದಾಗ, ಇದೆಲ್ಲ ಪರದೆಯ ನೀಲಿ ಬೆಳಕಿನ ಕೆಲಸ ಎಂದು ಯಾವುದೋ ವೀಡಿಯೊ ನೋಡಿ ತೀರ್ಮಾನಿಸಿದವಳು ನಾನೇ. ಮೆಡಿಕಲ್ ಶಾಪಿನಲ್ಲಿ "ಬಂಗಿಗೆ ಏನಾದ್ರೂ ಕೊಡಿ" ಎಂದು ಕೇಳಿ ಟ್ಯೂಬು ತಂದವಳೂ ನಾನೇ. ಬಿ.ಎಸ್‌ಸಿ. ಓದಿದ್ದೇನೆ. ಡಬ್ಬಿಯೊಳಗಿನ ಚೀಟಿ ಓದಲಿಲ್ಲ.

ಮೊದಲ ತಿಂಗಳಲ್ಲೇ ಮುಖ ತಿಳಿಯಾಯಿತು. ನಾಲ್ಕನೆಯ ತಿಂಗಳ ಹೊತ್ತಿಗೆ ಒಂದು ದಿನ ಹಚ್ಚದಿದ್ದರೂ ಉರಿ, ಹಚ್ಚಿದರೆ ಅಡಗುತ್ತಿತ್ತು. ಅವಳು ಇನ್ನಷ್ಟು ಹಚ್ಚಿದಳು, ರೆಪ್ಪೆಗೂ.

ಅಂದು ಮುಖ ನುಣುಪು ಮಾಡುವ ಫಿಲ್ಟರನ್ನು ನಾನು ಪೂರ್ತಿ ಏರಿಸಿದ್ದೆ. ಪರದೆಯೊಳಗೆ ಅವಳ ಕೆನ್ನೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಅವಳು ಸೀರೆ ತೆಗೆಯಲು ಬಗ್ಗಿದಾಗ ಕೇಳಿದೆ, "ಕಣ್ಣಿಗೇನಾಯ್ತಕ್ಕ?"

"ಸ್ವಲ್ಪ ಉರಿ. ನೀನ್ ಸುಮ್ನೆ ಹಿಡ್ಕೊಳೇ, ಜನ ನೋಡ್ತಿದಾರೆ."

"ಅಕ್ಕ, ಇವತ್ತು ಏನ್ ಗ್ಲೋ ನಿಮ್ದು" ಎಂದು ಲೈವ್ ನೋಡುತ್ತಿದ್ದ ಒಬ್ಬರು ಬರೆದರು. "ಸೀರೆ ಆಮೇಲೆ, ಕ್ರೀಮ್ ಯಾವ್ದು ಹೇಳಿ" ಎಂದರು ಇನ್ನೊಬ್ಬರು. ಅಕ್ಕ ನಗುತ್ತಲೇ ಸೆರಗು ಬಿಡಿಸಿ ತೋರಿಸಿದಳು. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಅವಳು ಮೂರಡಿ ದೂರದಲ್ಲಿದ್ದಳು. ನಾನು ಒಂದು ಸಲವೂ ತಲೆಯೆತ್ತಿ ಅವಳನ್ನು ನೋಡಲಿಲ್ಲ.

ಅವಳ ಕೈಯಿಂದ ಸೀರೆ ಜಾರಿದಾಗ ನೋಡಿದೆ. ಕೆನ್ನೆ ಬೆಂದಂತೆ ಕೆಂಪಾಗಿ ನೀರೊಸರುತ್ತಿತ್ತು. ಎಡ ರೆಪ್ಪೆ ಊದಿ ಮುಚ್ಚಿಹೋಗಿತ್ತು.

"ಬಲಗಣ್ಣೂ ಮಂಜಾಗ್ತಿದೆ ಕಣೇ" ಎಂದಳು, ತೀರಾ ಮೆಲ್ಲಗೆ.

ಆಸ್ಪತ್ರೆಗೆ ಹೊರಟ ಆಟೊ ಹೆಬ್ಬಾಳದ ಫ್ಲೈಓವರ್ ಹತ್ತುವ ಮೊದಲೇ ಟ್ರಾಫಿಕ್‌ನಲ್ಲಿ ನಿಂತುಬಿಟ್ಟಿತು. ಮುಖಕ್ಕೆ ಹಿಡಿದ ಒದ್ದೆ ಟವೆಲ್ಲಿನ ಹಿಂದಿನಿಂದ ಅಕ್ಕ ಕೇಳಿದಳು, "ಕಣ್ಣು ಹೋಗುತ್ತಾ?"

"ಇಲ್ಲಕ್ಕ" ಎಂದೆ. ನನಗೇನು ಗೊತ್ತಿತ್ತು?

ಚರ್ಮದ ಡಾಕ್ಟರು ಟ್ಯೂಬನ್ನು ತಿರುಗಿಸಿ ನೋಡಿದರು. "ಇದ್ರಲ್ಲಿ ಸ್ಟೆರಾಯ್ಡ್ ಇದೆಯಮ್ಮ. ಕಜ್ಜಿ ತುರಿಕೆಗೆ ನಾಲ್ಕು ದಿನ ಹಚ್ಚೋದನ್ನ ಮುಖಕ್ಕೆ ನಾಲ್ಕು ತಿಂಗಳು ಹಚ್ಚಿದೀರ. ಚರ್ಮ ತೆಳ್ಳಗಾಗಿದೆ."

"ಫೋನಿನ ಬೆಳಕಿಗೆ ಮುಖಕ್ಕೆ ವಯಸ್ಸಾಗುತ್ತೆ ಅಂತ..." ಎಂದೆ.

"ಅದರಿಂದ ಸುಕ್ಕು ಬರುತ್ತೆ ಅನ್ನೋಕೆ ಇನ್ನೂ ಗಟ್ಟಿ ಆಧಾರ ಇಲ್ಲ. ಬಂಗು ಇರೋರಿಗೆ ಜೋರು ಬೆಳಕು ಕಪ್ಪು ಹೆಚ್ಚಿಸ್ಬಹುದು. ಆದ್ರೆ ಬಿಸಿಲಿನ ಮುಂದೆ ಫೋನು ಯಾವ ಲೆಕ್ಕ? ಕಿಟಕಿಗೆ ಒಂದು ಪರದೆ ಹಾಕೋಕ್ ಆಗ್ಲಿಲ್ವಾ ನಿಮ್ಗೆ?"

ಕೆಳಮಹಡಿಯ ಕಣ್ಣಿನ ಡಾಕ್ಟರು ಪರೀಕ್ಷಿಸಿ, ರೆಪ್ಪೆಗೆ ಹಚ್ಚಿದ ಸ್ಟೆರಾಯ್ಡ್‌ನಿಂದ ಕಣ್ಣಿನೊಳಗೆ ಒತ್ತಡ ಏರಿದೆ ಎಂದರು. ಇಳಿದರೆ ಸರಿ, ಇಳಿಯದಿದ್ದರೆ ದೃಷ್ಟಿಗೇ ಅಪಾಯ. ಹನಿ ಔಷಧಿ ಬರೆದುಕೊಟ್ಟು, ಎರಡು ವಾರ ಬಿಟ್ಟು ಬರಲು ಹೇಳಿದರು.

ಟ್ಯೂಬು ನಿಲ್ಲಿಸಿ ಉರಿ ಹೆಚ್ಚಿದ ಆ ಎರಡು ವಾರ ಅಕ್ಕ ಕೆನ್ನೆಯನ್ನು ದಿಂಬಿಗೆ ತಾಗಿಸಲಾಗದೆ ಕೂತೇ ಇರುತ್ತಿದ್ದಳು. ತುರಿಸಿಕೊಳ್ಳದಂತೆ ನಾನು ಅವಳ ಮಣಿಕಟ್ಟು ಹಿಡಿದಿರುತ್ತಿದ್ದೆ. ಅವಳು ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಆ ನುಣುಪು ಮುಖ, ಅದರ ನಗು. ಈಗಲೂ ಆ ಇಪ್ಪತ್ತು ನಿಮಿಷ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ತಲೆಯೆತ್ತಬೇಕು ಅನ್ನಿಸುತ್ತದೆ.

ಹದಿನೈದನೆಯ ದಿನ, ಒಂದು ಗುರುವಾರ, ಕಣ್ಣಿನ ಡಾಕ್ಟರು ಎರಡು ಸಲ ಅಳೆದರು. ಒತ್ತಡ ಇಳಿದಿತ್ತು. "ಕಣ್ಣು ಉಳೀತು. ಹನಿ ಮಾತ್ರ ಬಿಡ್ಬೇಡಿ" ಎಂದರು. ಮನೆಗೆ ಬಂದು ಮೊಸರನ್ನ ತಿಂದು ಮಲಗಿದೆವು. ಎಚ್ಚರವಾದಾಗ ಬೆಳಗಿನ ಏಳೂವರೆ. ಅಕ್ಕ ಇನ್ನೂ ನಿದ್ದೆಯಲ್ಲಿದ್ದಳು, ಕೆನ್ನೆ ದಿಂಬಿಗೆ ಒತ್ತಿಕೊಂಡು.