ಹಲ್ಲುನೋವಿನ ನೆಪ

ವಿಸ್ಕಾನ್ಸಿನ್ನಿನ ಆ ಹಳ್ಳಿದಾರಿಯ ಜನ ಮಾರೆನ್ ಟೊಲೆಫ್ಸನ್‌ಳ ಮನೆಯನ್ನು ‘ಸ್ಕೂಲ್ ಮನೆ’ ಎಂದೇ ಕರೆಯುತ್ತಿದ್ದರು. ಅಲ್ಲಿ ಓದುತ್ತಿದ್ದವರು ಇಬ್ಬರೇ, ಇಬ್ಬರೂ ಅವಳ ಹೆಣ್ಣುಮಕ್ಕಳೇ: ಹದಿನೈದರ ಸಿಲ್ವಿ, ಒಂಬತ್ತರ ಪರ್ಲ್. ಅಡುಗೆಮನೆಯ ಮೇಜೇ ತರಗತಿ. ತಿಂಡಿಯ ತಟ್ಟೆ ಎತ್ತಿದ ಮೇಲೆ ಗಣಿತ, ಒಲೆಯ ಮೇಲೆ ಏನಾದರೂ ಬೇಯುತ್ತಿರುವಾಗ ಇತಿಹಾಸ. ಗಂಡ ವೆಂಡೆಲ್ ಸುತ್ತಲಿನ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಮಿತಭಾಷಿ. ಅವನು ಹೂಂ ಎಂದರೆ ಒಪ್ಪಿದ ಹಾಗೆ ಎಂದು ಮಾರೆನ್ ನಂಬಿದ್ದಳು.

ಶಾಲೆಗೆ ಕಳಿಸದ ಈ ಮನೆಪಾಠ ಶುರುವಾದದ್ದು ಹಟದಿಂದಲ್ಲ. ಆರು ವರ್ಷದವಳಾಗಿ ಶಾಲೆಗೆ ಹೋಗುತ್ತಿದ್ದಾಗ ಸಿಲ್ವಿ ತೊದಲುತ್ತಿದ್ದಳು. ತನ್ನ ಹೆಸರಿನ ಮೊದಲ ಅಕ್ಷರ ದಾಟುವಷ್ಟರಲ್ಲಿ ತರಗತಿಯೆಲ್ಲ ನಗುತ್ತಿತ್ತು. ಒಂದು ಸಂಜೆ ಮಗು ಊಟಕ್ಕೂ ಬಾಯಿ ಬಿಡಲಿಲ್ಲ. ಮರುವಾರವೇ ಮಾರೆನ್ ಗ್ರಂಥಾಲಯದ ಕೆಲಸ ಬಿಟ್ಟಳು.

“ನಾವೇ ಕಲಿಸೋಣ. ಆದ್ರೆ ನಾವಿಬ್ರೂ ಒಂದೇ ಮಾತಿನ ಮೇಲೆ ನಿಲ್ಬೇಕು,” ಎಂದಿದ್ದಳು.

“ಒಂದೇ ಮಾತು,” ಎಂದಿದ್ದ ವೆಂಡೆಲ್.

ಆಮೇಲೆ ದಿನಕ್ಕೊಂದು ಪುಟ, ಗಟ್ಟಿಯಾಗಿ. ಅವಸರವಿಲ್ಲ, ಬೈಗುಳವಿಲ್ಲ. ಮಾತು ಸಿಕ್ಕಿಬಿದ್ದಲ್ಲಿ ಮಾರೆನ್ ಮಗಳ ಅಂಗೈ ಹಿಡಿದು ಉಸಿರೆಳೆಯುವವರೆಗೆ ಕಾಯುತ್ತಿದ್ದಳು. ನಾಲ್ಕು ವರ್ಷ ಹಿಡಿಯಿತು. ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನದ ಓದು ಹುಟ್ಟಿಕೊಂಡದ್ದೂ ಅದಕ್ಕಾಗಿಯೇ. ಆ ದಿನ ಮನೆಯವರೆಲ್ಲ ಈ ವರ್ಷ ಏನು ಕಲಿತೆ, ಮುಂದಿನ ವರ್ಷ ಏನು ಮಾಡುತ್ತೇನೆ ಎಂದು ಚೀಟಿಯಲ್ಲಿ ಬರೆದು ಎದ್ದು ನಿಂತು ಓದಬೇಕು. ಮೊದಲ ವರ್ಷ ಸಿಲ್ವಿ ಎರಡು ಸಾಲಿಗೆ ಹತ್ತು ನಿಮಿಷ ತೆಗೆದುಕೊಂಡಿದ್ದಳು. ಯಾರೂ ಅಲುಗಾಡಿರಲಿಲ್ಲ.

ಈ ವರ್ಷದ ಶರತ್ಕಾಲದಲ್ಲಿ ಸಿಲ್ವಿಗೆ ಹಲ್ಲುನೋವು ಬಂತು. ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ವೆಂಡೆಲ್ಲೇ ಅವಳನ್ನು ಪೇಟೆಯ ದಂತವೈದ್ಯರ ಹತ್ತಿರ ಕರೆದುಕೊಂಡು ಹೋದ. “ನೀನ್ಯಾಕೆ ಬರ್ತೀಯ, ಪರ್ಲ್ ಪಾಠ ಹಾಳಾಗುತ್ತೆ,” ಎಂದ. ಇಷ್ಟು ವರ್ಷಕ್ಕೆ ಗಂಡ ತಾನಾಗಿ ಒಂದು ಜವಾಬ್ದಾರಿ ಹೊತ್ತನಲ್ಲ ಎಂದು ಮಾರೆನ್ ಹಿಗ್ಗಿದಳು. ಮಗಳು ಬರುವಷ್ಟರಲ್ಲಿ ಆಲೂಗಡ್ಡೆ ಸೂಪನ್ನು ಜಗಿಯಬೇಕಾಗದಂತೆ ನುಣ್ಣಗೆ ಕಡೆದು ಇಡುತ್ತಿದ್ದಳು. ಸಿಲ್ವಿ ತಲೆ ತಗ್ಗಿಸಿ ಕುಡಿಯುತ್ತಿದ್ದಳು. “ಪಾಪ, ತುಂಬಾ ನೋವಿರ್ಬೇಕು,” ಎಂದುಕೊಂಡಳು ತಾಯಿ.

ಡಿಸೆಂಬರ್ ಮೂವತ್ತೊಂದು ಬಂತು. ಹೊರಗೆ ಮೊಣಕಾಲುದ್ದ ಹಿಮ. ಮೇಜಿನ ಮೇಲೆ ಮಾಂಸ, ಕಾಳು ಹಾಕಿ ಬೇಯಿಸಿದ ಖಾರದ ಚಿಲ್ಲಿ, ದಾಲ್ಚಿನ್ನಿ ರೋಲು. ಮೊದಲು ಪರ್ಲ್ ಓದಿದಳು: ಭಾಗಾಕಾರ ಬಂತು, ಬರುವ ವರ್ಷ ಉಗುರು ಕಚ್ಚುವುದಿಲ್ಲ. ವೆಂಡೆಲ್‌ನದು ಎಂದಿನಂತೆ ಒಂದೇ ಸಾಲು: ಬೆನ್ನುನೋವಿಗೆ ವ್ಯಾಯಾಮ. ಓದಿದವನು ಯಾರ ಮುಖವನ್ನೂ ನೋಡದೆ ಕೂತ.

ಸಿಲ್ವಿ ಎದ್ದಳು. “ಈ ವರ್ಷ ನಾನು ಬೀಜಗಣಿತ ಮುಗಿಸಿದೆ. ಹೊಲಿಗೆ ಕಲಿತೆ.” ಉಸಿರೆಳೆದಳು, ಅಮ್ಮ ಕಲಿಸಿದ ಹಾಗೆಯೇ. “ಜನವರಿ ಮೂರನೇ ವಾರದಿಂದ ಪೇಟೆಯ ಹೈಸ್ಕೂಲಿಗೆ ಹೋಗ್ತೀನಿ. ಪ್ರವೇಶ ಪರೀಕ್ಷೆ ಬರೆದಾಗಿದೆ. ಸೀಟು ಸಿಕ್ಕಿದೆ.” ಎಲ್ಲಿಯೂ ತೊದಲಲಿಲ್ಲ.

ಮಾರೆನ್ ನಕ್ಕಳು. ತಮಾಷೆ ಎಂದುಕೊಂಡಳು. ಜೊತೆಗೆ ಯಾರೂ ನಗಲಿಲ್ಲ.

“ಪರೀಕ್ಷೆ ಯಾವಾಗ ಬರೆದೆ?”

ಸಿಲ್ವಿ ಅಪ್ಪನ ಕಡೆ ನೋಡಿದಳು. ಅಷ್ಟರಲ್ಲಿ ಪರ್ಲ್ ಬಾಯಿ ಹಾಕಿದಳು: “ಹಲ್ಲು ಡಾಕ್ಟ್ರ ದಿನ! ಸ್ಕೂಲಲ್ಲಿ ಪುಸ್ತಕ ಇಡೋಕೆ ಅವಳಿಗೆ ಕಬ್ಬಿಣದ ಬೀರೂನೂ ಕೊಟ್ಟಿದಾರೆ ಅಮ್ಮಾ, ಅದರ ಬೀಗ ತೆಗೆಯೋಕೆ ಒದೀಬೇಕಂತೆ!”

ಒಂಬತ್ತು ವರ್ಷದ ಕೂಸಿಗೂ ಗೊತ್ತಿತ್ತು. ಕ್ರಿಸ್‌ಮಸ್‌ಗೆ ವೆಂಡೆಲ್‌ನ ತಾಯಿ ಸಿಲ್ವಿಗೆ ಕೊಟ್ಟ ದೊಡ್ಡ ಬೆನ್ನುಚೀಲದ ಅರ್ಥವೂ ಮಾರೆನ್‌ಗೆ ಈಗ ಹೊಳೆಯಿತು. “ಎಷ್ಟು ಗಟ್ಟಿಯಾಗಿದೆ ನೋಡಿ,” ಎಂದು ತಾನೇ ಅದನ್ನು ಹೊಗಳಿದ್ದಳು. ಆ ಮನೆಯಲ್ಲಿ ಗೊತ್ತಿಲ್ಲದವಳು ಅವಳೊಬ್ಬಳೇ.

“ಸ್ಕೂಲಿನ ಅರ್ಜಿಗೆ ರುಜು ಯಾರು ಹಾಕಿದ್ದು?”

“ನಾನು,” ಎಂದ ವೆಂಡೆಲ್, ತಟ್ಟೆಗೆ ಹೇಳುವವನಂತೆ.

ಮಾರೆನ್ ಕೂಗಾಡಲಿಲ್ಲ. ಇನ್ನು ಅವಳ ಸರದಿ. ಎದ್ದು ನಿಂತು ಬರೆದದ್ದನ್ನು ಒಂದಕ್ಷರ ಬಿಡದೆ ಓದಿದಳು. “ಈ ವರ್ಷ ನನಗೆ ಸಮಾಧಾನ. ಗಂಡ ಮಕ್ಕಳ ಕಡೆ ಹೆಚ್ಚು ಗಮನ ಕೊಟ್ಟ. ಬರುವ ವರ್ಷ ಸಿಲ್ವಿ ಜೊತೆ ಜೀವಶಾಸ್ತ್ರ. ಹಳೆಯದೊಂದು ಸೂಕ್ಷ್ಮದರ್ಶಕ ತಂದಿದ್ದೇನೆ. ಅವಳು ಕುಣಿದಾಡುತ್ತಾಳೆ.” ಓದುತ್ತಿದ್ದಂತೆ ಸಿಲ್ವಿ ಅಳತೊಡಗಿದಳು. ಮಾರೆನ್ ನಿಲ್ಲಿಸಲಿಲ್ಲ. ಅವರಿಗೆ ನೋವಾಗಲಿ ಎಂದೇ ಪೂರ್ತಿ ಓದಿದಳು. ಚೀಟಿ ಮಡಿಚಿ ತಟ್ಟೆಗಳನ್ನು ಎತ್ತಿದಳು.

ವೆಂಡೆಲ್ ಅಡುಗೆಕಟ್ಟೆಯ ಹತ್ತಿರ ಬಂದು ನಿಂತ. “ಮಾರೆನ್, ನಿಂಗೆ ಹೇಳೋಣ ಅಂತಾನೇ ಇದ್ದೆ.”

“ಯಾವಾಗ? ಅವಳ ಮದುವೆ ದಿನವಾ? ನಾನು ಸೂಪು ಕಡೀತಾ ಇದ್ದೆ ವೆಂಡೆಲ್. ಇಲ್ಲದ ನೋವಿಗೆ! ನೀನು ಪಕ್ಕದಲ್ಲೇ ಕೂತು, ಉಪ್ಪು ಸಾಲ್ದು ಅಂದೆ.”

“ಹೇಳಿದ್ರೆ ನೀನು ಬೇಡ ಅಂತಿದ್ದೆ.”

“ಅಂತಿದ್ದೆ. ಅನ್ನೋ ಹಕ್ಕು ನಂಗಿರ್ಲಿಲ್ವಾ? ಒಂದೇ ಮಾತು ಅಂದವನು ಯಾರು?”

ವೆಂಡೆಲ್ ಒದ್ದೆ ತಟ್ಟೆಯೊಂದನ್ನು ಒರೆಸಿ ಇಟ್ಟ. “ಮಾತಲ್ಲಿ ನಿನ್ನ ಗೆದ್ದವರು ಈ ಮನೇಲಿ ಯಾರಿದಾರೆ? ಹುಡುಗಿ ಸ್ಕೂಲಿಗೆ ಹೋಗ್ಲಾ ಅಂತ ಎರಡು ಸಲ ಕೇಳಿದ್ಲು. ಎರಡು ಸಲಾನೂ ನೀನು ಅಷ್ಟು ಚೆನ್ನಾಗಿ ವಿವರಿಸಿದೆ, ಕೊನೆಗೆ ಅವಳೇ ಥ್ಯಾಂಕ್ಸ್ ಹೇಳಿ ಹೋದ್ಲು. ಆಮೇಲೆ ನನ್ನ ಗಾಡೀಲಿ ಕೂತು ಅತ್ಲು.”

ಮಾರೆನ್‌ಗೆ ಅದು ನೆನಪಿತ್ತು. ಆ ಥ್ಯಾಂಕ್ಸ್ ಅನ್ನು ಒಪ್ಪಿಗೆ ಎಂದುಕೊಂಡಿದ್ದಳು. ಅವನ ಮಾತಿನಲ್ಲಿ ನಿಜವಿತ್ತು, ಅದೇ ಇನ್ನಷ್ಟು ಉರಿಸಿತು. ಮೋಸ ಮಾಡಿದವನೇ ನ್ಯಾಯವನ್ನೂ ಹೇಳುತ್ತಿದ್ದ.

“ನಾನು ತಪ್ಪಿದ್ರೆ ಮುಖಕ್ಕೆ ಹೇಳ್ಬೇಕಿತ್ತು,” ಎಂದಳು. “ಮಕ್ಕಳಿಗೆ ಸುಳ್ಳು ಹೇಳೋದು ಕಲಿಸ್ಬಾರ್ದಿತ್ತು. ಅದೊಂದನ್ನ ನಾನು ಕಲಿಸಿರ್ಲಿಲ್ಲ.”

ಜನವರಿಯಲ್ಲಿ ಹಳದಿ ಬಸ್ಸು ದಾರಿಯಂಚಿಗೆ ಬಂತು. ಸಿಲ್ವಿ ಹತ್ತುವ ಮೊದಲು ತಿರುಗಿ ನೋಡಿದಳು. ಮಾರೆನ್ ಕಿಟಕಿಯಲ್ಲಿದ್ದಳು, ಕೈ ಎತ್ತಿದಳು, ನಗಲು ಆಗಲಿಲ್ಲ. ಅದೇ ದಿನ ಮನೆಪಾಠದ ತಾಯಂದಿರ ಗುಂಪಿಗೆ ಫೋನ್ ಮಾಡಿ, ವಸಂತದ ಸಭೆಯಲ್ಲಿ ತಾನು ಭಾಷಣ ಮಾಡುವುದಿಲ್ಲ ಎಂದಳು. ವಿಷಯ ‘ಹದಿಹರೆಯದವರ ವಿಶ್ವಾಸ ಗಳಿಸುವುದು’ ಎಂದಿತ್ತು.

ಮಗಳ ಮೇಲಿನ ಸಿಟ್ಟು ಬಹಳ ದಿನ ಉಳಿಯಲಿಲ್ಲ. ಮಾರ್ಚ್‌ನ ಒಂದು ಸಂಜೆ ಸಿಲ್ವಿ ಬಸ್ಸಿಳಿದು ನೇರ ಅಡುಗೆಮನೆಗೆ ಬಂದಳು. “ಅಮ್ಮ, ಇವತ್ತು ಎಲ್ಲರ ಎದುರು ತೊದಲಿದೆ. ಇಬ್ರು ನಕ್ರು.”

“ನೀನೇನು ಮಾಡ್ದೆ?”

“ನಿಂತೆ. ಉಸಿರೆಳೆದು ಮತ್ತೆ ಶುರು ಮಾಡ್ದೆ.” ಬೆನ್ನುಚೀಲ ಕೆಳಗಿಟ್ಟು, “ಹಲ್ಲಿನ ವಿಷ್ಯ… ನಾನು ದಿನಾ ಹೇಳ್ಬೇಕು ಅಂತಿದ್ದೆ. ಸೂಪು ನೋಡಿದ್ರೆ ಗಂಟಲು ಕಟ್ತಿತ್ತು.”

“ಕಟ್ಟಲಿ. ಕಟ್ಟಬೇಕಾದ್ದೇ,” ಎಂದಳು ಮಾರೆನ್. ಹಾಗೆನ್ನುತ್ತಲೇ ಅವಳನ್ನು ತಬ್ಬಿಕೊಂಡಳು.

ಗಂಡನ ವಿಷಯ ಬೇರೆ. ಊಟ, ಹಾಸಿಗೆ, ಪರ್ಲ್‌ಳ ಪಾಠ ಎಲ್ಲ ನಡೆಯುತ್ತಿತ್ತು. ಆದರೆ ಅವನ ಗಾಡಿ ಪೇಟೆಯ ಕಡೆ ತಿರುಗಿದಾಗಲೆಲ್ಲ ಎದೆಯೊಳಗೊಂದು ಮುಳ್ಳು ಆಡುತ್ತಿತ್ತು. ಯಾವುದೋ ಕೊಟ್ಟಿಗೆಗೆ ಹೋಗುತ್ತೇನೆ ಎಂದರೆ, ನಿಜವಾಗಿಯೂ ಅಲ್ಲಿಗೇನಾ? ಕೇಳುತ್ತಿರಲಿಲ್ಲ. ಮದುವೆಯಾದ ಹದಿನೆಂಟು ವರ್ಷದಲ್ಲಿ ಗಂಡನನ್ನು ಹೀಗೆ ಕೇಳಿ ಖಚಿತಪಡಿಸಿಕೊಳ್ಳುವ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ವೆಂಡೆಲ್ ಕಾಫಿ ಲೋಟ ಹಿಡಿದು ಅವಳೆದುರು ಬಂದು ನಿಂತ. ಕಿವಿ ಕೆಂಪಾಗಿತ್ತು. “ಮನೆ ಹಿಂದಿನ ಸೇಬಿನ ಮರ ಕಡಿಸಿ ಅಲ್ಲೊಂದು ಶೆಡ್ ಹಾಕಿಸ್ಬೇಕು ಅಂತಿದೀನಿ. ಇನ್ನೂ ಯಾರ್ಗೂ ಹೇಳಿಲ್ಲ. ನಿಂಗೇ ಮೊದಲು.”

“ಬೇಡ,” ಎಂದಳು ಮಾರೆನ್.

“ನಂಗೆ ಬೇಕು.”

“ನಂಗೆ ಬೇಡ.”

ಅಡುಗೆಮನೆಯಲ್ಲೇ ಇಬ್ಬರಿಗೂ ಜೋರು ಜಗಳವಾಯಿತು. ವೆಂಡೆಲ್ ಮೊದಲ ಬಾರಿಗೆ ಧ್ವನಿ ಏರಿಸಿದ, ಮಾತು ಸಿಗದೆ ಮೇಜು ಗುದ್ದಿದ, ಮತ್ತೆ ಹುಡುಕಿ ಹೇಳಿದ. ಆಮೇಲೆ ಮೂರು ದಿನ ಮುಖ ಊದಿಸಿಕೊಂಡಿದ್ದ. ಆದರೆ ಈ ಸಲ ಎಲ್ಲ ಮುಖಕ್ಕೇ ಹೇಳಿದ್ದ; ಆ ಮೂರು ದಿನ ಮಾರೆನ್‌ಗೆ ಒಳ್ಳೆಯ ನಿದ್ದೆ ಬಂತು.